ಕಾದಂಬರಿ ಹತ್ತು ಪುಟಕ್ಕಿಂತ ಮುಂದೆ ಹೋಗುತ್ತಿಲ್ಲ, ನಿಮಗೂ ಹೀಗಾಗಿದೆಯಾ?

ಕ್ಯಾತ್ಸಂದ್ರದವನು

ಎಲ್ಲರಿಗೂ ನಮಸ್ಕಾರ. ನಾನು ತುಮಕೂರಿನವನು, ವಯಸ್ಸು 43. ಕೆಲಸ ಬೆಂಗಳೂರಿನಲ್ಲಿ, ದಿನಾ ರೈಲಿನಲ್ಲಿ ಓಡಾಟ. ಬೆಳಿಗ್ಗೆ ಒಂದೂವರೆ ಗಂಟೆ, ಸಂಜೆ ಒಂದೂವರೆ ಗಂಟೆ. ಸೀಟು ಸಿಕ್ಕರೆ ಆ ಮೂರು ಗಂಟೆ ಪೂರ್ತಿ ನನ್ನದೇ. ನಮ್ಮ ಬೋಗಿಯಲ್ಲಿ ಇಸ್ಪೀಟಿನ ಗುಂಪೊಂದಿದೆ, ಭಜನೆಯ ಗುಂಪೊಂದಿದೆ, ಎರಡಕ್ಕೂ ನಾನು ಸೇರಲಿಲ್ಲ.

ಕಾಲೇಜಿನಲ್ಲಿ ನನಗೆ ಕಾದಂಬರಿ ಹುಚ್ಚು. ಊಟಕ್ಕೆ ಕೂತರೂ ತಟ್ಟೆ ಪಕ್ಕ ಪುಸ್ತಕ, "ಅನ್ನ ನೋಡ್ಕೊಂಡು ತಿನ್ನೋ" ಅಂತ ಅಮ್ಮ ಬೈಯುತ್ತಿದ್ದರು. ತರಾಸು ಅವರ ಚಿತ್ರದುರ್ಗದ ಕಾದಂಬರಿಗಳನ್ನು ಒಂದೇ ಬೇಸಿಗೆ ರಜದಲ್ಲಿ ಓದಿ ಬಿಸಾಕಿದವನು ನಾನು. ಆಮೇಲೆ ಕೆಲಸ, ಮದುವೆ, ಮನೆ ಸಾಲ. ಹದಿನೈದು ವರ್ಷ ಒಂದನ್ನೂ ಮುಟ್ಟಲಿಲ್ಲ.

ಈ ಯುಗಾದಿಗೆ ಹುಮ್ಮಸ್ಸು ಬಂತು. ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ತಂದೆ. ಆರು ತಿಂಗಳಾಯಿತು, ಇನ್ನೂ 58ನೇ ಪುಟದಲ್ಲಿದ್ದೇನೆ. ರೈಲು ಹಿರೇಹಳ್ಳಿ ದಾಟುವಷ್ಟರಲ್ಲಿ ಕಣ್ಣು ಎಳೆಯುತ್ತದೆ, ದಾಬಸ್‌ಪೇಟೆಗೆ ತಲೆ ಭಾರ, ನಿಡವಂದದ ಹೊತ್ತಿಗೆ ಪುಸ್ತಕ ಬ್ಯಾಗಿಗೆ. ಸಂಜೆಯಂತೂ ಒಂದೇ ಸಾಲನ್ನು ಮೂರು ಸಲ ಓದುತ್ತೇನೆ. ಕೈ ಚಾಚಿ ಪುಸ್ತಕ ಹಿಡಿಯುವುದು ಅಭ್ಯಾಸವಾಗಿಬಿಟ್ಟಿದೆ, ಎದುರು ಸೀಟಿನವರ ಮೂಗಿಗೆ ತಾಗುವುದೊಂದು ಬಾಕಿ. ಫೋನ್ ತೆಗೆದರೆ ಮಾತ್ರ ಯಶವಂತಪುರದವರೆಗೂ ಏನೂ ಆಗುವುದಿಲ್ಲ. ಫೋನ್ ನೋಡಿ ನೋಡಿ ತಲೆ ಕೆಟ್ಟಿದೆ, ಇನ್ನು ನನ್ನಿಂದ ಓದು ಆಗುವುದಿಲ್ಲ ಅಂತ ನಾನೇ ತೀರ್ಮಾನ ಮಾಡಿಕೊಂಡಿದ್ದೇನೆ.

ಇದರ ಮೇಲೆ ಆಫೀಸಿನವರ ಉಪದೇಶ ಬೇರೆ. "ಕಾದಂಬರಿ ಓದಿ ಏನ್ ಸಿಗುತ್ತೆ ಗುರು, ಶೇರು ಮಾರ್ಕೆಟ್ ಬಗ್ಗೆ ಓದು, ಬೆಳಿಗ್ಗೆ ಐದಕ್ಕೆ ಏಳೋದು ಹೇಗೆ ಅಂತ ಓದು." ನಾನು ಎದ್ದೇಳುವುದೇ ಐದಕ್ಕೆ, ಇಲ್ಲದಿದ್ದರೆ ರೈಲು ಸಿಗುವುದಿಲ್ಲ, ಅದಕ್ಕೊಂದು ಪುಸ್ತಕ ಬೇಕಾ?

ನೀವೆಲ್ಲ ಯಾವಾಗ ಓದುತ್ತೀರಿ, ಹೇಗೆ ಓದುತ್ತೀರಿ? ಬಿಟ್ಟುಹೋದ ಅಭ್ಯಾಸ ಮತ್ತೆ ಹತ್ತಿಸಿಕೊಂಡವರು ಯಾರಾದರೂ ಇದ್ದಾರಾ?

---

ಹುಳದ ಮನೆ, ಶಿಡ್ಲಘಟ್ಟ

ಅಣ್ಣಾ, ನಿಮಗೆ ದಿನಕ್ಕೆ ಮೂರು ಗಂಟೆ ಇದೆ ಅಂತ ಕೇಳಿಯೇ ಹೊಟ್ಟೆ ಉರಿಯಿತು.

ನಮ್ಮದು ರೇಷ್ಮೆ. ನನ್ನ ಓದು ಹುಳದ ಕೈಯಲ್ಲಿದೆ, ತಮಾಷೆಯಲ್ಲ. ಚಾಕಿ ಹುಳ, ಅಂದರೆ ಸಾಕಿ ಕೊಡುವ ಮರಿ ಹುಳ, ತಂದ ಮೇಲೆ ಸೊಪ್ಪು ಕುಯ್ಯುವುದು, ಹಾಕುವುದು, ಹಾಸಿಗೆ ಬಿಡಿಸುವುದು, ಉಸಿರಾಡಲು ಬಿಡುವಿಲ್ಲ. ಆದರೆ ಹುಳ ಜ್ವರಕ್ಕೆ ಕೂರುತ್ತದಲ್ಲ, ಆಗ ಸೊಪ್ಪು ಮುಟ್ಟುವುದಿಲ್ಲ. ಗೊತ್ತಿಲ್ಲದವರಿಗೆ ಹೇಳುತ್ತೇನೆ, ಜ್ವರ ಅಂದರೆ ಕಾಯಿಲೆಯಲ್ಲ, ಹುಳ ಚರ್ಮ ಕಳಚುವ ಹೊತ್ತು. ತಲೆ ಎತ್ತಿಕೊಂಡು ಸುಮ್ನೆ ಕೂತಿರುತ್ತದೆ, ಹತ್ತಿರ ಹತ್ತಿರ ಒಂದು ದಿನ. ನಾವೂ ಸೊಪ್ಪು ಹಾಕಬಾರದು. ಚಾಕಿಯವರು ಎರಡನೇ ಜ್ವರ ದಾಟಿಸಿ ಕೊಡುತ್ತಾರೆ, ಹಾಗಾಗಿ ನಮ್ಮ ಪಾಲಿಗೆ ಉಳಿಯುವುದು ಮೂರನೆಯದು, ನಾಲ್ಕನೆಯದು. ಆ ಎರಡು ಜ್ವರದಲ್ಲಿ ನಾನು ಕಾದಂಬರಿ ಓದುತ್ತೇನೆ. ನಾಲ್ಕನೇ ಜ್ವರ ಎದ್ದ ಮೇಲೆ ಹುಳ ತಿನ್ನುವ ಶಬ್ದವೇ ಮಳೆ ಬಂದ ಹಾಗೆ ಕೇಳುತ್ತದೆ. ಆಗ ಒಂದು ವಾರ ಪುಸ್ತಕದ ಮುಖ ನೋಡುವಂತಿಲ್ಲ. ಹಣ್ಣಾದ ಹುಳವನ್ನು ಗೂಡು ಕಟ್ಟಲು ಚಂದ್ರಿಕೆಗೆ ಹಾಕಿದ ಮೇಲೆ ಮತ್ತೆ ನಾಲ್ಕೈದು ದಿನ ಬಿಡುವು.

ಹೇಳಿದ್ದು ಯಾಕೆಂದರೆ, ನನಗೆ ಅಭ್ಯಾಸ ಗಿಭ್ಯಾಸ ಏನೂ ಇಲ್ಲ. ದಿನಕ್ಕೆ ಇಪ್ಪತ್ತು ಪುಟ ಅನ್ನುವ ನಿಯಮ ನನಗೆ ಒಗ್ಗಲಿಲ್ಲ. ತಿಂಗಳಲ್ಲಿ ಇಪ್ಪತ್ತು ದಿನ ಏನೂ ಓದುವುದಿಲ್ಲ, ಸಿಕ್ಕ ದಿನ ರಾತ್ರಿಯೆಲ್ಲ ಓದುತ್ತೇನೆ. ತೇಜಸ್ವಿಯವರ 'ಕರ್ವಾಲೊ' ಒಂದೇ ಜ್ವರದಲ್ಲಿ ಮುಗಿಯಿತು. ಎಲ್ಲರೂ ಅದನ್ನೇ ಹೇಳುತ್ತಾರೆ ಅಂತ ನಗಬೇಡಿ. ಚಿಕ್ಕ ಪುಸ್ತಕ, ಮಂದಣ್ಣ ಇದ್ದಾನೆ, ಕಿವಿ ಅನ್ನುವ ನಾಯಿ ಇದೆ, ಹಾರುವ ಓತಿ ಹುಡುಕಿಕೊಂಡು ಕಾಡಿಗೆ ಹೋಗುತ್ತಾರೆ. ಶುರು ಮಾಡುವವರಿಗೆ ಅದಕ್ಕಿಂತ ಒಳ್ಳೆಯದು ನನಗಂತೂ ಗೊತ್ತಿಲ್ಲ. ನೀವು ಹದಿನೈದು ವರ್ಷ ಜಿಮ್ಮಿಗೆ ಹೋಗದೆ ಮೊದಲ ದಿನವೇ ನೂರು ಕೆಜಿ ಎತ್ತಲು ಹೋಗಿದ್ದೀರಿ.

---

ಮೇಷ್ಟ್ರು, ಕೋಲಾರ

ನಿವೃತ್ತ ಕನ್ನಡ ಮೇಷ್ಟ್ರು ನಾನು, ಆದ್ದರಿಂದ ಸ್ವಲ್ಪ ಉದ್ದ ಬರೆಯುತ್ತೇನೆ, ಸಹಿಸಿಕೊಳ್ಳಿ.

'ಮದುಮಗಳು' 1967ರ ಪುಸ್ತಕ. ಅದನ್ನು ರೈಲಿನಲ್ಲಿ ಹತ್ತು ಹತ್ತು ನಿಮಿಷ ಓದಿದರೆ ಯಾರಿಗೂ ದಕ್ಕುವುದಿಲ್ಲ. ಜನ ತುಂಬಾ ಜಾಸ್ತಿ. ಹಳೆಮನೆಯವರು, ಕೋಣೂರಿನವರು, ಬೆಟ್ಟಳ್ಳಿಯವರು, ಹೂವಳ್ಳಿಯವರು, ಸಿಂಬಾವಿಯವರು. ನಾನು ಮೊದಲ ಸಲ ಓದುವಾಗ ರಟ್ಟಿನ ಒಳಬದಿಯಲ್ಲಿ ಪೆನ್ಸಿಲ್ಲಿನಿಂದ ಮನೆಗಳ ಹೆಸರು ಬರೆದು, ಪ್ರತಿ ಮನೆ ಕೆಳಗೆ ಯಾರು ಯಾರು ಅಂತ ಸೇರಿಸುತ್ತಾ ಹೋದೆ, ಮದುವೆ ಮನೆಯಲ್ಲಿ ಮುಯ್ಯಿ ಬರೆದುಕೊಳ್ಳುವ ಹಾಗೆ. ನೂರು ಪುಟ ದಾಟಿದ ಮೇಲೆ ಆ ಪಟ್ಟಿ ಬೇಕಾಗಲಿಲ್ಲ. ಗುತ್ತಿ, ಹುಲಿಯ ಅನ್ನುವ ಅವನ ನಾಯಿ, ತಿಮ್ಮಿ ಇವರನ್ನು ಹಿಡಿದುಕೊಂಡರೆ ಸಾಕು, ಉಳಿದವರು ತಾವಾಗಿ ಬರುತ್ತಾರೆ. ಇದನ್ನೇ ಮೈಸೂರಿನ ರಂಗಾಯಣದವರು 2010ರಲ್ಲಿ ನಾಟಕ ಮಾಡಿದಾಗ ರಾತ್ರಿಯಿಡೀ ಆಡಿದರು, ಬೆಳಗಾಗುವವರೆಗೆ ಜನ ಕೂತಿದ್ದರು. ಹಾಗೆ ಪುರಸೊತ್ತಾಗಿ ಕೂತು ಅನುಭವಿಸುವ ಕಾದಂಬರಿ ಅದು. ಸದ್ಯಕ್ಕೆ ಕಪಾಟಿಗೆ ಇಡಿ, ಓಡಿಹೋಗುವುದಿಲ್ಲ.

ನಿಮ್ಮ ಆಫೀಸಿನವರಿಗೆ ಉತ್ತರ ಕೊಡುವ ಗೋಜಿಗೆ ಹೋಗಬೇಡಿ. ಕ್ರಿಕೆಟ್ ನೋಡುವವರನ್ನು ಏನು ಸಿಗುತ್ತದೆ ಅಂತ ಯಾರೂ ಕೇಳುವುದಿಲ್ಲ. ಕೇಳುವುದು ಕಾದಂಬರಿ ಓದುವವರನ್ನು ಮಾತ್ರ.

ಶುರು ಮಾಡಲು ನಮ್ಮ ಜಿಲ್ಲೆಯ ಮಾಸ್ತಿಯವರ 'ಚಿಕವೀರ ರಾಜೇಂದ್ರ' ಹಿಡಿಯಿರಿ. ಮಾಲೂರು ತಾಲ್ಲೂಕಿನ ಮಾಸ್ತಿ ಊರಿನವರು, 1983ರ ಜ್ಞಾನಪೀಠ. ಕೊಡಗಿನ ಕೊನೆಯ ದೊರೆಯ ಕಥೆ. ಪಕ್ಕದ ಮನೆ ಯಜಮಾನರು ಜಗಲಿಯಲ್ಲಿ ಕೂತು ಹೇಳುವ ಹಾಗಿದೆ, ಎಲ್ಲೂ ದನಿ ಏರಿಸುವುದಿಲ್ಲ. ಆದರೆ ದಯವಿಟ್ಟು ವಾರಪತ್ರಿಕೆಯ ಧಾರಾವಾಹಿ ಥರದ್ದು ಓದಿ ಕಾಲ ಕಳೆಯಬೇಡಿ. ಓದುವುದೇ ಆದರೆ ಒಳ್ಳೆಯದನ್ನು ಓದಿ.

---

ಗೌರಿಬಿದನೂರಿನ ಸೊಸೆ

ಮೇಷ್ಟ್ರೇ, ನಮಸ್ಕಾರ. ಎಲ್ಲ ಒಪ್ಪಿದೆ, ಕೊನೆಯ ಎರಡು ಸಾಲು ಒಪ್ಪಲಿಲ್ಲ.

ನಮ್ಮ ತಾಯಿ ಮನೆ ಬಾಗೇಪಲ್ಲಿ ಕಡೆ. ಮನೆ ಮಾತು ತೆಲುಗು. ಆದರೆ ತೆಲುಗು ಅಕ್ಷರ ನಮಗ್ಯಾರಿಗೂ ಬರುವುದಿಲ್ಲ, ಕಲಿತದ್ದೆಲ್ಲ ಕನ್ನಡ ಶಾಲೆಯಲ್ಲಿ. ಅಮ್ಮ ಏಳನೇ ಕ್ಲಾಸು. ನೀವು ಹೇಳುವ ಆ ಧಾರಾವಾಹಿಗಳನ್ನೇ ವಾರಪತ್ರಿಕೆಯಿಂದ ಕತ್ತರಿಸಿ, ಒಂದರ ಮೇಲೊಂದು ಜೋಡಿಸಿ, ಗೋಣಿ ಹೊಲಿಯುವ ದಬ್ಬಳದಲ್ಲಿ ಹೊಲಿದು ಪುಸ್ತಕ ಮಾಡುತ್ತಿದ್ದಳು. ನಡುವೆ ಒಂದು ವಾರದ ಸಂಚಿಕೆ ಸಿಗದಿದ್ದರೆ ಆ ಜಾಗದಲ್ಲಿ ಖಾಲಿ ಹಾಳೆ ಸೇರಿಸಿ, ಓದಿದವರನ್ನು ಕೇಳಿ, ಏನಾಯಿತು ಅಂತ ನಾಲ್ಕು ಸಾಲು ತಾನೇ ಬರೆದಿಡುತ್ತಿದ್ದಳು.

ಯಂಡಮೂರಿಯವರ ಕಾದಂಬರಿಗಳು ಕನ್ನಡಕ್ಕೆ ಬಂದಾಗ ನಮ್ಮ ಬೀದಿಯಲ್ಲೆಲ್ಲ ಅದೇ ಮಾತು. ಬರೆದದ್ದು ತೆಲುಗಿನಲ್ಲಿ. ಅಮ್ಮ ಓದುತ್ತಿದ್ದುದು ಕನ್ನಡದಲ್ಲಿ. ಸಂಜೆ ಕಡಲೆಕಾಯಿ ಬಿಡಿಸುತ್ತಾ ಅದನ್ನೇ ನಮ್ಮಜ್ಜಿಗೆ ತೆಲುಗಿನಲ್ಲಿ ಹೇಳುತ್ತಿದ್ದಳು. ಹಾಗೆ ತಿರುಗಿ ಊರಿಗೆ ಬಂತು ಕಥೆ. ಅಜ್ಜಿಗೆ ಓದು ಬರುತ್ತಿರಲಿಲ್ಲ. ಆದರೆ ಮುಂದಿನ ವಾರದ ಪುಸ್ತಕ ತರಿಸಲು ದುಡ್ಡು ಕೊಡುತ್ತಿದ್ದದ್ದು ಅವಳೇ. ಮಾಟಮಂತ್ರದ ಭಾಗ ಬಂದರೆ ದೀಪ ಹಚ್ಚಿದ ಮೇಲೆ ಹೇಳಬೇಡ ಅನ್ನುತ್ತಿದ್ದಳು.

ಇನ್ನು ತ್ರಿವೇಣಿ. ಹೆಂಗಸರ ಕಾದಂಬರಿ, ಕಣ್ಣೀರಿನ ಕಾದಂಬರಿ ಅಂತ ಪಕ್ಕಕ್ಕೆ ಸರಿಸಿದವರು ಎಷ್ಟು ಜನ! 1963ರಲ್ಲಿ ತೀರಿಕೊಂಡಾಗ ಅವರಿಗೆ ಇನ್ನೂ ಮೂವತ್ತೈದು ತುಂಬಿರಲಿಲ್ಲ, ಅಷ್ಟರಲ್ಲಿ ಇಪ್ಪತ್ತರಷ್ಟು ಕಾದಂಬರಿ ಬರೆದಿದ್ದರು. 'ಶರಪಂಜರ' ಸಿನಿಮಾ ಎಲ್ಲರೂ ನೋಡಿದ್ದೀರಿ, ಪುಸ್ತಕ ಓದಿ ನೋಡಿ. ಮನಸ್ಸಿನ ಕಾಯಿಲೆ ವಾಸಿಯಾಗಿ ಮನೆಗೆ ಬಂದ ಹೆಂಗಸನ್ನು ಮನೆಯವರೇ ಹೇಗೆ ನೋಡುತ್ತಾರೆ ಅಂತ ಆ ಕಾಲದಲ್ಲಿ ಎಷ್ಟು ಜನ ಬರೆದಿದ್ದರು? ನಮ್ಮ ಓಣಿಯಲ್ಲಿ ಹಾಗೆ ಒಬ್ಬರು ಇದ್ದರು. ಅವರ ಮನೆಗೆ ಹೋಗಿ ಕಾಫಿ ಕುಡಿದು ಬರುತ್ತಿದ್ದವಳು ಅಮ್ಮ ಒಬ್ಬಳೇ. ಯಾಕೆ ಅಂತ ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ, ಆದರೆ ಆ ಪುಸ್ತಕ ನಮ್ಮ ಮನೆಯಲ್ಲಿತ್ತು.

ನನ್ನ ಓದು ಮಧ್ಯಾಹ್ನ ಎರಡರಿಂದ ಮೂರೂವರೆ. ಕುಕ್ಕರ್ ತೊಳೆದಿಟ್ಟು, ಮಕ್ಕಳು ಸ್ಕೂಲಿಂದ ಬರುವ ಮೊದಲು. ಅತ್ತೆಗೆ ಮೊದಲು ಕೋಪವಿತ್ತು, ಈಗ ಅವರಿಗೂ ಓದಿ ಹೇಳುತ್ತೇನೆ. ಇಷ್ಟವಾಗದ ಪುಸ್ತಕವನ್ನು ಮೂವತ್ತನೇ ಪುಟದಲ್ಲಿ ಬಿಡುತ್ತೇನೆ, ಯಾವ ಪಾಪವೂ ಸುತ್ತಿಕೊಂಡಿಲ್ಲ.

---

ಮೇಷ್ಟ್ರು, ಕೋಲಾರ

ತಾಯಿ, ತಪ್ಪಾಯಿತು. ಖಾಲಿ ಹಾಳೆ ಸೇರಿಸುತ್ತಿದ್ದ ನಿಮ್ಮ ಅಮ್ಮನ ಮುಂದೆ ನನ್ನ ಎಂ.ಎ. ಏನೂ ಅಲ್ಲ.

ನಾನೇ ಮರೆತಿದ್ದೆ. ನಾನು ಓದಲು ಕಲಿತದ್ದು ಪಠ್ಯಪುಸ್ತಕದಿಂದಲ್ಲ, ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳಿಂದ. ಬಸ್ ಸ್ಟ್ಯಾಂಡ್ ಹತ್ತಿರದ ಬಾಡಿಗೆ ಲೈಬ್ರರಿಯಲ್ಲಿ ದಿನಕ್ಕೆ ಇಷ್ಟು ಪೈಸೆ ಅಂತ ತರುತ್ತಿದ್ದೆವು. ಬಾಡಿಗೆ ಉಳಿಸಲು ಒಂದೇ ರಾತ್ರಿಯಲ್ಲಿ ಇಬ್ಬರು ಮೂವರು ಓದುವುದು. ಒಬ್ಬ ಪುಣ್ಯಾತ್ಮ ನಲವತ್ತನೇ ಪುಟದಲ್ಲೇ "ಕೊಲೆಗಾರ ಅಡಿಗೆಯವನು" ಅಂತ ಪೆನ್ನಿನಲ್ಲಿ ಬರೆದಿಡುತ್ತಿದ್ದ. ಅವನು ಯಾರು ಅಂತ ಕೊನೆಗೂ ಪತ್ತೆಯಾಗಲಿಲ್ಲ.

ಅನಕೃ ಕೋಲಾರದಲ್ಲಿ ಹುಟ್ಟಿದವರು, 1908ರಲ್ಲಿ. ನೂರಕ್ಕೂ ಹೆಚ್ಚು ಕಾದಂಬರಿ ಬರೆದರು. ಅಷ್ಟು ಬರೆದದ್ದಕ್ಕೇ ನಮ್ಮಂಥ ಮೇಷ್ಟ್ರುಗಳು ಮೂಗು ಮುರಿದೆವು. ಆದರೆ ಕೈಯಿಂದ ದುಡ್ಡು ಕೊಟ್ಟು ಕನ್ನಡ ಪುಸ್ತಕ ಕೊಳ್ಳುವ ಜನವನ್ನು ತಯಾರು ಮಾಡಿದ್ದು ಅವರ ಕಾಲದ ಅಂಥ ಪುಸ್ತಕಗಳೇ. 'ಸಂಧ್ಯಾರಾಗ' ಓದಿದ ಮೇಲೆ ನಮ್ಮಪ್ಪ ನನ್ನ ತಂಗಿಯನ್ನು ಸಂಗೀತಕ್ಕೆ ಹಾಕಿದರು. ಅವಳಿಗೆ ಸಂಗೀತ ಬರಲಿಲ್ಲ, ಅದು ಬೇರೆ ಮಾತು.

---

ತೆಂಗಿನ ತೋಟ, ತಿಪಟೂರು

ಯಾರೂ ಭೈರಪ್ಪನವರ ಹೆಸರು ಎತ್ತಲಿಲ್ಲವಲ್ಲ, ನಮ್ಮ ಕಡೆಯವರು ಸುಮ್ಮನಿರಲು ಆಗುತ್ತದಾ?

ಕ್ಯಾತ್ಸಂದ್ರದವರೇ, ನೀವು ತುಮಕೂರು ಜಿಲ್ಲೆಯವರಾಗಿ 'ಗೃಹಭಂಗ' ಓದಿಲ್ಲ ಅಂದರೆ ಮೊದಲು ಅದನ್ನು ಓದಿ. 1970ರ ಕಾದಂಬರಿ. ಕಥೆ ನಡೆಯುವುದು ನಮ್ಮ ತಿಪಟೂರು, ಆಚೆ ಚನ್ನರಾಯಪಟ್ಟಣ, ಈ ಸೀಮೆಯಲ್ಲೇ. ಮಲೆನಾಡಿನ ಮಾತು ಅರ್ಥವಾಗದೆ ತಡವರಿಸುವ ತಾಪತ್ರಯವಿಲ್ಲ. ಗಂಗಮ್ಮ ಬಾಯಿ ಬಿಟ್ಟರೆ ನಮ್ಮೂರಿನ ಯಾರೋ ಒಬ್ಬರು ಬೈಯುತ್ತಿದ್ದಾರೆ ಅಂತಲೇ ಅನ್ನಿಸುತ್ತದೆ. ಊರ ಲೆಕ್ಕ ಬರೆಯುವ ಶ್ಯಾನುಭೋಗಿಕೆ ಗಂಡನ ಹೆಸರಿನಲ್ಲಿ, ಲೆಕ್ಕ ಬರೆಯುವುದು ನಂಜಮ್ಮ. ನಮ್ಮ ತಾತನ ಕಾಲದ ಲೆಕ್ಕದ ಪುಸ್ತಕ ನಮ್ಮ ಅಟ್ಟದ ಮೇಲಿದೆ. ಕಾದಂಬರಿ ಓದಿದ ಮೇಲೆ ಅಟ್ಟ ಹತ್ತಿ ನೋಡಿದೆ, ಕೆಲವು ಪುಟದ ಅಕ್ಷರ ತಾತನದ್ದಲ್ಲ. ಯಾರದ್ದು ಅಂತ ಹೇಳಲು ಈಗ ಯಾರೂ ಉಳಿದಿಲ್ಲ.

ಪುಸ್ತಕ ಕೊಳ್ಳಲೇಬೇಕು ಅಂತಿಲ್ಲ. ನೀವು ಕಟ್ಟುವ ಆಸ್ತಿ ತೆರಿಗೆಯ ರಸೀದಿ ತೆಗೆದು ನೋಡಿ, ಗ್ರಂಥಾಲಯ ಕರ ಅಂತ 6% ಇರುತ್ತದೆ. ಪ್ರತಿ ವರ್ಷ ಕಟ್ಟಿದ್ದೀರಿ, ಪುಸ್ತಕ ಮಾತ್ರ ತಂದಿಲ್ಲ. ಹಳ್ಳಿಯವರಾದರೆ ಪಂಚಾಯಿತಿಯ ಗ್ರಂಥಾಲಯ ಇದೆ, ಈಗ ಅರಿವು ಕೇಂದ್ರ ಅನ್ನುತ್ತಾರೆ. ಕಪಾಟು ತುಂಬಾ ಪರೀಕ್ಷೆಯ ಪುಸ್ತಕವೇ ಕಂಡರೆ ವಾಪಸ್ ಬರಬೇಡಿ, ಹಿಂದಿನ ಸಾಲಿನಲ್ಲಿ ಕಾದಂಬರಿ ಇರುತ್ತವೆ. ನಾನು ಹೋಗುವ ಕಡೆ ಕೆಳಗಿನ ಖಾನೆಯಲ್ಲಿ ಧೂಳು ಹೊಡೆದು ತೆಗೆದರೆ ಹಳೆಯ ಮುದ್ರಣದ ಒಳ್ಳೊಳ್ಳೆಯವು ಸಿಕ್ಕವು.

---

ಕನ್ನಡಕದ ಅಂಗಡಿ, ಚಿಂತಾಮಣಿ

ಎಲ್ಲರೂ ಯಾವ ಪುಸ್ತಕ ಅಂತ ಜಗಳ ಆಡುತ್ತಿದ್ದೀರಿ, ಅವರು ಬರೆದದ್ದನ್ನು ಯಾರೂ ಸರಿಯಾಗಿ ಓದಿಲ್ಲ.

ಸಾರ್, ವಯಸ್ಸು 43. ಕೈ ಚಾಚಿ ಪುಸ್ತಕ ಹಿಡಿಯುತ್ತೀರಿ. ಸ್ವಲ್ಪ ಓದಿದರೆ ಕಣ್ಣು ಎಳೆತ, ತಲೆ ಭಾರ. ಸಂಜೆ ಜಾಸ್ತಿ. ಫೋನ್ ಮಾತ್ರ ಪರವಾಗಿಲ್ಲ. ಒಂದು ಪ್ರಶ್ನೆ, ಫೋನಿನಲ್ಲಿ ಅಕ್ಷರ ದೊಡ್ಡದು ಮಾಡಿಕೊಂಡಿದ್ದೀರಾ?

ನಿಮ್ಮ ತಲೆ ಕೆಟ್ಟಿಲ್ಲ. ಚಾಳೀಸು ಬಂದಿದೆ ಅನ್ನಿಸುತ್ತದೆ.

ಹತ್ತಿರದ್ದು ಕಾಣಬೇಕಾದರೆ ಕಣ್ಣಿನೊಳಗಿನ ಮಸೂರ ಉಬ್ಬಬೇಕು. ನಲವತ್ತರ ಆಸುಪಾಸಿಗೆ ಅದು ಗಡುಸಾಗುತ್ತದೆ, ಮೊದಲಿನ ಹಾಗೆ ಉಬ್ಬುವುದಿಲ್ಲ. ಇದು ರೋಗವಲ್ಲ, ಎಲ್ಲರಿಗೂ ಬರುತ್ತದೆ. ಬೆಳಕು ಕಮ್ಮಿಯಿದ್ದರೆ ಕಣ್ಣಿನ ಪಾಪೆ ಅಗಲವಾಗಿ ಅಕ್ಷರ ಇನ್ನೂ ಮಸುಕು. ಅದಕ್ಕೇ ಸಂಜೆ ಕಷ್ಟ. ಫೋನಿಗೆ ತನ್ನದೇ ಬೆಳಕು, ಅಕ್ಷರವೂ ದೊಡ್ಡದು, ಅದಕ್ಕೇ ಅಲ್ಲಿ ಗೊತ್ತಾಗುವುದಿಲ್ಲ. ಈ ಥರ ನಮ್ಮಲ್ಲಿಗೆ ಬರುವವರು ಬೇಕಾದಷ್ಟು ಜನ. "ಇತ್ತೀಚೆಗೆ ಓದಲು ಮನಸ್ಸೇ ಬರ್ತಿಲ್ಲ" ಅನ್ನುತ್ತಾರೆ. ಕನ್ನಡಕ ಹಾಕಿದ ತಕ್ಷಣ ಪೇಪರ್ ಬಿಡುವುದಿಲ್ಲ.

ರಸ್ತೆ ಬದಿಯಲ್ಲಿ ಮಾರುವ ರೆಡಿಮೇಡ್ ಕನ್ನಡಕಕ್ಕೆ ಹೋಗಬೇಡಿ. ಎರಡು ಕಣ್ಣಿನ ಪವರ್ ಬೇರೆ ಬೇರೆ ಇರಬಹುದು. ಒಮ್ಮೆ ಕಣ್ಣಿನ ಡಾಕ್ಟರ ಹತ್ತಿರ ತೋರಿಸಿ, ಕಣ್ಣಿನ ಒತ್ತಡವನ್ನೂ ನೋಡುತ್ತಾರೆ. ಶುಗರ್ ಕೂಡ ಚೆಕ್ ಮಾಡಿಸಿ, ಈ ವಯಸ್ಸಿಗೆ ಒಳ್ಳೆಯದು.

ಅಂದಹಾಗೆ ನಾನು ಕಾದಂಬರಿ ಓದುವುದಿಲ್ಲ, ಕೇಳುತ್ತೇನೆ. ಮೈಲ್ಯಾಂಗ್ ಆ್ಯಪ್‌ನಲ್ಲಿ ಆಡಿಯೊ ಪುಸ್ತಕ ಹಾಕಿಕೊಂಡು ಫ್ರೇಮಿಗೆ ಗಾಜು ಕೂರಿಸುತ್ತಿರುತ್ತೇನೆ. ಇದು ಓದಲ್ಲ ಅನ್ನುವವರು ಗೌರಿಬಿದನೂರಿನ ಅಕ್ಕನ ಅಜ್ಜಿಯನ್ನು ನೆನಪಿಸಿಕೊಳ್ಳಿ.

---

ಕ್ಯಾತ್ಸಂದ್ರದವನು

ಅಯ್ಯೋ. ಫೋನಿನ ಅಕ್ಷರ ಎಷ್ಟು ದೊಡ್ಡದಿದೆ ಅಂದರೆ, ನನ್ನ ಮಗಳು "ಅಪ್ಪಾ, ನಿನ್ನ ಮೆಸೇಜು ಪಕ್ಕದ ಬೋಗಿಯವರಿಗೂ ಕಾಣುತ್ತೆ" ಅನ್ನುತ್ತಾಳೆ. ಚಾಳೀಸು ಅನ್ನುವುದು ನಮ್ಮಪ್ಪನಿಗೆ ಬರುವ ವಸ್ತು ಅಂತ ತಿಳಿದಿದ್ದೆ. ಶನಿವಾರ ತೋರಿಸುತ್ತೇನೆ.

---

ಕ್ಯಾತ್ಸಂದ್ರದವನು

ಮೂರು ವಾರ ಆಯಿತು, ವರದಿ ಒಪ್ಪಿಸುತ್ತೇನೆ.

ಎರಡೂ ಕಣ್ಣಿಗೆ ಪ್ಲಸ್ 1.25. ಶುಗರ್ ಇಲ್ಲ. ಕನ್ನಡಕ ಹಾಕಿದ ಮೊದಲ ದಿನ ಪುಸ್ತಕ ಓದಲಿಲ್ಲ, ಬಿಸ್ಕತ್ ಪ್ಯಾಕಿನ ಹಿಂದೆ ಏನೇನು ಹಾಕಿರುತ್ತಾರೆ ಅಂತೆಲ್ಲ ಓದಿದೆ, ಸ್ವಲ್ಪ ಬೇಜಾರಾಯಿತು.

ಆಸ್ತಿ ತೆರಿಗೆ ರಸೀದಿ ನೋಡಿದೆ, ತಿಪಟೂರಿನವರು ಹೇಳಿದ್ದು ನಿಜ. ಆ ಸಿಟ್ಟಿಗೇ ಲೈಬ್ರರಿಗೆ ಹೋಗಿ ಸದಸ್ಯನಾದೆ. 'ಗೃಹಭಂಗ' ತಂದೆ. ಹಿಂದೆ ಯಾರೋ ಎರಡು ಕಡೆ ಪೆನ್ಸಿಲ್ಲಿನಲ್ಲಿ "ಇವನಿಗೆ ನಾಲ್ಕು ಬಿಡಬೇಕು" ಅಂತ ಬರೆದಿದ್ದಾರೆ. ಯಾರಿಗೆ ಅಂತ ಓದಿದವರಿಗೆ ಗೊತ್ತು. ನಾನು ಮೂರನೆಯದೊಂದು ಸೇರಿಸಬೇಕು ಅಂದುಕೊಂಡು ಕೈ ತಡೆದುಕೊಂಡೆ.

ಹುಳದ ಮನೆಯವರು ಹೇಳಿದ ಹಾಗೆ ದಿನಕ್ಕೆ ಇಷ್ಟು ಪುಟ ಅನ್ನುವುದನ್ನು ಬಿಟ್ಟೆ. ಕೆಲವು ದಿನ ಕಿಟಕಿ ನೋಡುತ್ತೇನೆ. ನಿನ್ನೆ ಮಾತ್ರ ಯಶವಂತಪುರ ಬಂದರೂ ಏಳಲು ಮನಸ್ಸಾಗಲಿಲ್ಲ. ಇಸ್ಪೀಟಿನ ಗುಂಪಿನವನೊಬ್ಬ ಪಕ್ಕ ಕೂತು ನನ್ನ ಭುಜದ ಮೇಲಿಂದ ಓದುತ್ತಿದ್ದ, ನಾನು ಪುಟ ತಿರುಗಿಸಿದರೆ "ಇರಿ ಸಾರ್" ಅನ್ನುತ್ತಾನೆ! ಅವನು ನಿಧಾನ, ನನಗೆ ಅವಸರ. ಇದಕ್ಕೆ ಏನು ಮಾಡುವುದು ಗೊತ್ತಿಲ್ಲ.

ಅರ್ಧಕ್ಕಿಂತ ಸ್ವಲ್ಪ ಹಿಂದೆ ಇದ್ದೇನೆ. ಮುಂದೇನಾಗುತ್ತದೆ ಅಂತ ದಯವಿಟ್ಟು ಯಾರೂ ಹೇಳಬೇಡಿ.

---

ತೆಂಗಿನ ತೋಟ, ತಿಪಟೂರು

ಹೇಳುವುದಿಲ್ಲ. ಒಂದೇ ಮಾತು. ಪ್ಲೇಗು ಬರುವ ಭಾಗವನ್ನು ರೈಲಿನಲ್ಲಿ ಓದಬೇಡಿ, ಮನೆಯಲ್ಲಿ ಎಲ್ಲರೂ ಮಲಗಿದ ಮೇಲೆ ಓದಿ. ನಾನು ಬಸ್ಸಿನಲ್ಲಿ ಓದಿದ್ದೆ. ಗುಬ್ಬಿಯಲ್ಲಿ ಹತ್ತಿದ ಒಬ್ಬ ಅಜ್ಜಿ "ಯಾರು ಹೋದ್ರಪ್ಪಾ?" ಅಂತ ಕೇಳಿದರು.